ಕಿರಿಯರ ಚಿತ್ರ, ಛಾಯಾಚಿತ್ರಗಳು: ಒಡೆತನ ಯಾರದು?

ವ್ಯಂಗ್ಯಚಿತ್ರಕಾರ ಕೆ. ಶಂಕರ್ ಪಿಳ್ಳೈ ಅವರು 1949ರಲ್ಲಿ ಮಕ್ಕಳಿಗಾಗಿ ಚಿತ್ರಕಲಾ ಸ್ಪರ್ಧೆಯೊಂದನ್ನು ಆರಂಭಿಸಿದರು. ಮರುವರ್ಷವೇ ಅದಕ್ಕೆ ಅಂತರರಾಷ್ಟ್ರೀಯ ಸ್ವರೂಪ ಲಭಿಸಿತು. ಎಳೆಯರ ಕೈಯ ಚಿತ್ರಕ್ಕೆ ಮನೆಯ ಗೋಡೆಯಾಚೆಗೂ ನೋಡುಗರಿದ್ದಾರೆ ಎಂಬುದು ಇಂತಹ ಪ್ರಯತ್ನಗಳಿಂದ ದೇಶಕ್ಕೆ ಮನವರಿಕೆಯಾಯಿತು. 2015ರಲ್ಲಿ ಪ್ರಾರಂಭವಾದ ಕಲಾ ಉತ್ಸವವು ಪ್ರೌಢ ಹಂತದ ವಿದ್ಯಾರ್ಥಿಗಳಿಗೆ ಅಂತಹುದೇ ಅವಕಾಶವನ್ನು ಕಲ್ಪಿಸಿದೆ. ಆದರೆ ಹೀಗೆ ಹೊರಗೆ ಕಳುಹಿಸಿದ ಕೃತಿಯ ಮೇಲೆ ಹದಿಹರೆಯದ ಕಲಾವಿದರಿಗೆ ಯಾವ ಹಕ್ಕು ಉಳಿಯುತ್ತದೆ ಎಂಬುದನ್ನು ಪೋಷಕರು ವಿಚಾರಿಸುವುದು ವಿರಳ.

ಕೃತಿಸ್ವಾಮ್ಯ ಅಧಿನಿಯಮ, 1957ರ ಪ್ರಕಾರ ಕೃತಿಯ ಕರ್ತೃವೇ ಸಾಮಾನ್ಯವಾಗಿ ಅದರ ಪ್ರಥಮ ಸ್ವಾಮಿ. ಇದಕ್ಕೆ ವಯಸ್ಸಿನ ನಿರ್ಬಂಧವಿಲ್ಲ. ಛಾಯಾಚಿತ್ರದ ವಿಷಯದಲ್ಲಿ, ಅದನ್ನು ತೆಗೆದ ವ್ಯಕ್ತಿಯೇ ಕರ್ತೃ. ಕ್ಯಾಮೆರಾ ಅಥವಾ ಮೊಬೈಲ್ ತಂದೆಯದೆಂಬ ಕಾರಣಕ್ಕೆ ಹಕ್ಕು ತಂದೆಗೆ ಸಲ್ಲುವುದಿಲ್ಲ. 2012ರ ತಿದ್ದುಪಡಿಗೆ ಮೊದಲು ಛಾಯಾಚಿತ್ರದ ಸ್ವಾಮ್ಯವು ಪ್ರಕಟಣೆಯಿಂದ 60 ವರ್ಷಗಳಿಗೆ ಸೀಮಿತವಾಗಿತ್ತು. ಆ ಬಳಿಕ ಚಿತ್ರಕಲೆಯಂತೆಯೇ ಅದಕ್ಕೂ ಕರ್ತೃವಿನ ಜೀವಿತಾವಧಿ ಹಾಗೂ ತದನಂತರದ 60 ವರ್ಷಗಳ ರಕ್ಷಣೆ ದೊರೆತಿದೆ.

ಇಲ್ಲೊಂದು ಅಪವಾದವನ್ನು ಗಮನಿಸಬೇಕು. ನೆರೆಮನೆಯವರ ಕೋರಿಕೆಯ ಮೇರೆಗೆ ಹಣ ಪಡೆದು ವಿವಾಹದ ಚಿತ್ರಗಳನ್ನು ತೆಗೆದುಕೊಟ್ಟರೆ, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ಅವುಗಳ ಪ್ರಥಮ ಸ್ವಾಮಿಗಳು ಹಣ ಕೊಟ್ಟವರೇ. ಹದಿನೇಳರ ಹುಡುಗಿ ತನ್ನ ಮೊದಲ ಸಂಪಾದನೆಯ ಸಂತಸದಲ್ಲಿ ಇದನ್ನು ಮರೆಯುವುದು ಸಹಜ.

ಸ್ಪರ್ಧೆಗಳ ನಿಯಮಾವಳಿಯಲ್ಲಿ ‘ಕೃತಿಗಳನ್ನು ಹಿಂದಿರುಗಿಸಲಾಗುವುದಿಲ್ಲ’ ಎಂಬ ಸಾಲು ಸಾಮಾನ್ಯ. ಇದರಿಂದ ಹೋಗುವುದು ಕಾಗದ ಮಾತ್ರ, ಕೃತಿಸ್ವಾಮ್ಯವಲ್ಲ. ಸ್ವಾಮ್ಯದ ವರ್ಗಾವಣೆಗೆ ಸಹಿಯುಳ್ಳ ಲಿಖಿತ ಪತ್ರ ಅವಶ್ಯಕ. ಅದರಲ್ಲಿ ಅವಧಿಯನ್ನು ನಮೂದಿಸದಿದ್ದರೆ 5 ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರವೆಂದೂ ಭಾವಿಸಲಾಗುತ್ತದೆ. 18 ವರ್ಷ ತುಂಬದವರು ಕರಾರು ಮಾಡಿಕೊಳ್ಳಲು ಅರ್ಹರಲ್ಲವಾದುದರಿಂದ ಅರ್ಜಿಗಳಲ್ಲಿ ಪೋಷಕರ ಸಹಿಯನ್ನು ಕೇಳಲಾಗುತ್ತದೆ. ಓದದೆ ಸಹಿ ಹಾಕುವವರು ಮಕ್ಕಳ ಸೊತ್ತನ್ನೇ ಬಿಟ್ಟುಕೊಟ್ಟಾರು! ಸ್ವಾಮ್ಯವನ್ನು ಬಿಟ್ಟುಕೊಟ್ಟ ಮೇಲೂ, ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು ಹಾಗೂ ತನ್ನ ಗೌರವಕ್ಕೆ ಧಕ್ಕೆ ತರುವಂತೆ ಅದನ್ನು ವಿರೂಪಗೊಳಿಸಿದಲ್ಲಿ ತಡೆಯುವ ಹಕ್ಕು ಕರ್ತೃವಿನ ಬಳಿಯೇ ಉಳಿಯುತ್ತವೆ.

ಈ ನಿಯಮವು ಎರಡು ಅಲಗಿನದು. ಪತ್ರಿಕೆಯಲ್ಲಿ ಬಂದ ಮತ್ತೊಬ್ಬರ ಛಾಯಾಚಿತ್ರವನ್ನು ಹಾಗೆಯೇ ಜಲವರ್ಣಕ್ಕೆ ಇಳಿಸಿ ಸ್ವಂತದ್ದೆಂದು ಕಳುಹಿಸುವ ಮಗುವೂ ಇದೇ ಕಾನೂನಿಗೆ ಒಳಪಡುತ್ತದೆ. ಅಭ್ಯಾಸಕ್ಕಾಗಿ ಮನೆಯಲ್ಲಿ ನಕಲು ಮಾಡುವುದು ಬೇರೆ ಮಾತು.

ನೋಂದಣಿ ಕಡ್ಡಾಯವಲ್ಲ, ಕೃತಿ ರಚನೆಯಾದೊಡನೆ ಹಕ್ಕು ಹುಟ್ಟುತ್ತದೆ. ಇಚ್ಛೆಯುಳ್ಳವರು ದೆಹಲಿಯ ಕೃತಿಸ್ವಾಮ್ಯ ಕಚೇರಿಗೆ ಅರ್ಜಿ ಸಲ್ಲಿಸಬಹುದು. ಅದಕ್ಕಿಂತ ಸುಲಭವಾದುದೆಂದರೆ, ಚಿತ್ರವನ್ನು ಅಂಚೆಗೆ ಹಾಕುವ ಮುನ್ನ ಅದರ ಪ್ರತಿಯೊಂದನ್ನು ತೆಗೆದಿಟ್ಟು ಹಿಂಬದಿಯಲ್ಲಿ ಹೆಸರನ್ನೂ ದಿನಾಂಕವನ್ನೂ ಬರೆಯುವುದು. ಛಾಯಾಚಿತ್ರವಾದರೆ ಕ್ಯಾಮೆರಾದಲ್ಲಿನ ಮೂಲ ಕಡತವನ್ನು ಅಳಿಸದೆ ಉಳಿಸಿಕೊಳ್ಳುವುದು.