ಬಾದಾಮಿಗೆ ಹುಟ್ಟಿದ ವರ್ಷ ಸಿಕ್ಕಿದ್ದು

ಬಾದಾಮಿಯ ಮೂರನೆಯ ಮೇಣಬಸದಿಯ, ಅಂದರೆ ಗುಹಾಲಯದ, ಗೋಡೆಗಂಬದ ಮೇಲೆ ಒಂದು ಸಂಸ್ಕೃತ ಶಾಸನವಿತ್ತು. 1874ರಲ್ಲಿ ಪುರಾತತ್ತ್ವಜ್ಞ ಜೇಮ್ಸ್ ಬರ್ಜೆಸ್ ಕಲಾದಗಿ ಜಿಲ್ಲೆಯ ಸಮೀಕ್ಷೆಗೆ ಬಂದಾಗ ಅದರ ಮಹತ್ವ ವಿದ್ವಾಂಸರಿಗೆ ಗೊತ್ತಾಯಿತು. ಅದರಲ್ಲಿ ತಾರೀಖಿತ್ತು: ಶಕ 500ರ ಕಾರ್ತಿಕ ಹುಣ್ಣಿಮೆ, ಅಂದರೆ ಕ್ರಿ.ಶ. 578. ಕೆತ್ತನೆಯ ಧಾಟಿ ನೋಡಿ ಗುಹೆಗಳ ಕಾಲವನ್ನು ಅಂದಾಜು ಮಾಡುತ್ತಿದ್ದವರಿಗೆ ಇದು ಗಟ್ಟಿ ಆಧಾರವಾಯಿತು. ಆದರೆ ಬಸದಿಗಿಂತ ಊರು ಹಳೆಯದು. ಕೆರೆಯ ದಡದ ಈ ಊರನ್ನು ಚಾಲುಕ್ಯರು ರಾಜಧಾನಿ ಮಾಡಿಕೊಂಡದ್ದು ಯಾವಾಗ?

ಈ ಪ್ರಶ್ನೆಯನ್ನು ಬೆನ್ನಟ್ಟಿದವರು ಜೆ.ಎಫ್. ಫ್ಲೀಟ್. 1867ರಲ್ಲಿ ಬೊಂಬಾಯಿ ಸರಕಾರದ ನೌಕರಿಗೆ ಬಂದ ಈ ಅಧಿಕಾರಿ ಕನ್ನಡ ಕಲಿತರು, ಹಲಗಲಿ ಬೇಡರ ಲಾವಣಿಯನ್ನೂ ಸಂಗ್ರಹಿಸಿದರು. ಆದರೆ ಅವರ ಜೀವ ಇದ್ದದ್ದು ಕಲ್ಲಿನ ಅಕ್ಷರಗಳಲ್ಲಿ. ಆ ಕೆಲಸ ತಾಳ್ಮೆಯನ್ನೇ ಪರೀಕ್ಷಿಸುವಂಥದ್ದು. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಅದು ಅಕ್ಷರದ ಕುಳಿಯೊಳಗೆ ಇಳಿಯುವ ತನಕ ಕುಂಚದಿಂದ ಬಡಿಯಬೇಕು. ಮೇಲೆ ಮಸಿ ಒತ್ತಿದರೆ ಕರಿಯ ನೆಲದಲ್ಲಿ ಬಿಳಿಯ ಅಕ್ಷರ ಮೂಡುತ್ತದೆ. ಜೋರು ಗಾಳಿ ಬೀಸಿದರೆ ಎಲ್ಲವೂ ಮೊದಲಿನಿಂದ.

ಹುನಗುಂದ ತಾಲೂಕಿನ ಐಹೊಳೆಯಲ್ಲಿ, ಮೇಗುತಿ ಗುಡಿಯ ಗೋಡೆಯ ಮೇಲೆ, ರವಿಕೀರ್ತಿ 634ರಲ್ಲಿ ಬರೆದ ಪ್ರಶಸ್ತಿಯನ್ನು ಫ್ಲೀಟ್ ಓದಿದರು. ಇಮ್ಮಡಿ ಪುಲಕೇಶಿಯ ಅಜ್ಜ ಒಂದನೆಯ ಪುಲಕೇಶಿ ವಾತಾಪಿ (ಇಂದಿನ ಬಾದಾಮಿ) ಎಂಬ ನಗರಿಗೆ ವರನಾದನೆಂದು ಕವಿ ಹೊಗಳಿದ್ದ. ಮದುವೆ ಯಾವ ವರ್ಷ ಆಯಿತೆಂದು ಮಾತ್ರ ಹೇಳಿರಲಿಲ್ಲ. ಆ ಅಜ್ಜನದೇ ಒಂದು ಶಾಸನ ಎಲ್ಲಿಯೂ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಮೇಣಬಸದಿಯ ಶಾಸನವೇ ಕಗ್ಗಂಟಾಯಿತು. ಅದನ್ನು ಬರೆಸಿದವನು ಒಂದನೆಯ ಪುಲಕೇಶಿಯ ಮಗ ಮಂಗಲೇಶ. ಆಗ ಆಳ್ವಿಕೆಯ ಹನ್ನೆರಡನೆಯ ವರ್ಷ ನಡೆದಿತ್ತು. ಯಾರ ಆಳ್ವಿಕೆ? ಮಂಗಲೇಶನದೇ ಎಂದು ಫ್ಲೀಟ್ ಹಿಡಿದರು. ವಿದ್ವಾಂಸ ರಾ.ಗೋ. ಭಂಡಾರಕರ್ ಒಪ್ಪಲಿಲ್ಲ. ಗುಹೆ ಕೊರೆಸಿದ ಪುಣ್ಯವನ್ನೆಲ್ಲ ಮಂಗಲೇಶ ಅಣ್ಣ ಕೀರ್ತಿವರ್ಮನಿಗೆ ಧಾರೆಯೆರೆದಿದ್ದಾನೆ. ಹಾಗಾದರೆ ಆಗ ಸಿಂಹಾಸನದ ಮೇಲಿದ್ದವನು ಅಣ್ಣನೇ ಎಂದು ವಾದಿಸಿದರು. ಒಂದೇ ಸಾಲಿಗೆ ಎರಡು ಅರ್ಥ. ಎರಡರ ನಡುವೆ ಒಂದಿಡೀ ಆಳ್ವಿಕೆಯ ಅಂತರ.

ಗಂಟು ಬಿಚ್ಚಿದ್ದು ಬಾದಾಮಿಗೆ ಹತ್ತಿರದ ಮಹಾಕೂಟದ ಒಂದು ಕೆಂಪು ಕಲ್ಲಿನ ಕಂಬ. ದೇವರಿಗೆ ಪಟ್ಟದಕಲ್ಲೂ ಸೇರಿದಂತೆ ಹತ್ತು ಹಳ್ಳಿಗಳ ದತ್ತಿಯನ್ನು ದಾಖಲಿಸಿದ್ದ ಆ ಕಂಬ ಮಂಗಲೇಶನ ಐದನೆಯ ವರ್ಷವನ್ನು ಹೇಳಿ, ಜೊತೆಗೆ ಸಿದ್ಧಾರ್ಥ ಸಂವತ್ಸರ ಎಂದಿತ್ತು. ಅರವತ್ತು ವರ್ಷಕ್ಕೊಮ್ಮೆ ಮರಳುವ ಆ ಹೆಸರು ಲೆಕ್ಕವನ್ನು 602ರ ಆಸುಪಾಸಿಗೆ ತಂದು ನಿಲ್ಲಿಸಿತು. ಅಂದರೆ 578ರಲ್ಲಿ ಆಳುತ್ತಿದ್ದವನು ಕೀರ್ತಿವರ್ಮ. ಭಂಡಾರಕರರ ಮಾತೇ ನಿಂತಿತು. ಫ್ಲೀಟ್ ತಮ್ಮ ಲೆಕ್ಕ ತಿದ್ದಿಕೊಂಡರು. ವಿದ್ವಾಂಸನ ದೊಡ್ಡತನ ಕಾಣುವುದು ಇಂಥ ಕಡೆ.

ಆದರೂ ಊರಿನ ಹುಟ್ಟಿದ ವರ್ಷ ಕೈಗೆ ಸಿಗಲಿಲ್ಲ. ಕೀರ್ತಿವರ್ಮ ಪಟ್ಟಕ್ಕೆ ಬಂದದ್ದು 566-67 ಎಂದಾದರೆ ಅಪ್ಪನ ಕಾಲ ಸುಮಾರು 550 ಇರಬೇಕು ಎಂಬ ಊಹೆಗೆ ಫ್ಲೀಟ್ ನಿಂತರು. ಕೆರೆಯ ಮಗ್ಗುಲ ಬಂಡೆಯ ಮೇಲಿದ್ದ ಕಪ್ಪೆ ಅರಭಟ್ಟನ ಶಾಸನವನ್ನು 1881ರಲ್ಲೇ ಅಚ್ಚು ಹಾಕಿಸಿದ್ದ ಅವರಿಗೆ ಅದೇ ಊರಿನ ಇನ್ನೊಂದು ಬಂಡೆ ದಕ್ಕಲಿಲ್ಲ. 1917ರಲ್ಲಿ ಅವರು ತೀರಿಕೊಂಡರು.

ಮುಂದೆ ಸುಮಾರು ಕಾಲು ಶತಮಾನ ಆ ಅಕ್ಷರಗಳು ಬಿಸಿಲು ಕಾಯುತ್ತ ಕೂತಿದ್ದವು. 1940ರ ದಶಕದ ಮೊದಲಲ್ಲಿ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಆರ್.ಎಸ್. ಪಂಚಮುಖಿಯವರು ಕೋಟೆಯ ಕಡಿದಾದ ಬಂಡೆಯ ಮೈಮೇಲೆ ಅವುಗಳನ್ನು ಕಂಡರು. ಇದ್ದದ್ದು ಐದೇ ಸಾಲು. ಅಶ್ವಮೇಧ ಮಾಡಿದ ಚಾಲುಕ್ಯ ವಲ್ಲಭೇಶ್ವರ ವಾತಾಪಿಯ ಗುಡ್ಡವನ್ನು ಮೇಲೂ ಕೆಳಗೂ ಶತ್ರುವಿಗೆ ಅಸಾಧ್ಯವಾದ ಕೋಟೆಯಾಗಿ ಕಟ್ಟಿಸಿದ. ಶಕ ವರ್ಷ 465. ವಲ್ಲಭೇಶ್ವರನೆಂದರೆ ಒಂದನೆಯ ಪುಲಕೇಶಿಯೇ. ಎಲ್ಲರೂ ಹುಡುಕುತ್ತಿದ್ದ ಅಜ್ಜ ತಾನು ಕಟ್ಟಿಸಿದ ಕೋಟೆಯ ಕಲ್ಲಿನ ಮೇಲೇ ತಾರೀಖು ಬರೆಸಿಟ್ಟಿದ್ದ. ಕ್ರಿ.ಶ. 543. ಫ್ಲೀಟರ ಊಹೆ ಏಳು ವರ್ಷದಷ್ಟು ಮಾತ್ರ ಈಚೆಗೆ ಸರಿದಿತ್ತು. ಮಂಗಲೇಶ ಮೇಣಬಸದಿಯ ಶಾಸನ ಬರೆಸಿದಾಗ ಅಪ್ಪನ ಕೋಟೆಗೆ 35 ವರ್ಷ ತುಂಬಿತ್ತು.