ಡಬ್ಲಿನ್ನಿನ ಬೆಕ್ಕು ಏನೆಂದು ಕೂಗುತ್ತದೆ?

ಪ್ರಶ್ನೆ: ಬೆಕ್ಕು ಎಲ್ಲ ಕಡೆಯೂ ಒಂದೇ ಥರ ಕೂಗುತ್ತದೆ. ಹಾಗಿದ್ದೂ ನಾವು ‘ಮಿಯಾಂವ್’ ಎನ್ನುವುದನ್ನು ಐರ್ಲೆಂಡಿನ ಲೇಖಕ ಜೇಮ್ಸ್ ಜಾಯ್ಸ್ ಅಷ್ಟು ವಿಚಿತ್ರವಾಗಿ ಬರೆದದ್ದೇಕೆ?

ಉತ್ತರ: 1922ರಲ್ಲಿ ಪ್ರಕಟವಾದ ಜಾಯ್ಸನ ‘ಯುಲಿಸಿಸ್’ ಕಾದಂಬರಿಯಲ್ಲಿ, ಡಬ್ಲಿನ್ನಿನ ಎಕಲ್ಸ್ ಬೀದಿಯ ಮನೆಯೊಂದರ ಬೆಕ್ಕು ಬೆಳಗಿನ ಹಾಲಿಗಾಗಿ ಮೊದಲು ‘ಮ್ಕ್‌ಗ್ನಾವ್’ ಎನ್ನುತ್ತದೆ, ತಡವಾದಂತೆ ನಡುವೆ ಒಂದು ರಕಾರ ಸೇರುತ್ತದೆ, ಆಮೇಲೆ ಇನ್ನೊಂದು. ಅನುಕರಣ ಶಬ್ದವೆಂದರೆ ಧ್ವನಿಮುದ್ರಣವಲ್ಲ. ಪ್ರಾಣಿಯ ದನಿ ಆಯಾ ಭಾಷೆಯ ಅಕ್ಷರಗಳ ಮೂಲಕವೇ ಹಾಯ್ದು ಬರಬೇಕು. ಚಕ್ಕುಲಿ ಒರಳಿನ ಬಿಲ್ಲೆ ಬದಲಿಸಿದರೆ ಅದೇ ಹಿಟ್ಟು ಬೇರೆ ಆಕಾರದಲ್ಲಿ ಇಳಿಯುವಂತೆ. ಹುಂಜದ ಕೂಗು ನಮಗೆ ‘ಕೊಕ್ಕೊಕ್ಕೋ’, ಇಂಗ್ಲಿಷಿನವರಿಗೆ ‘ಕಾಕ್-ಎ-ಡೂಡಲ್-ಡೂ’ ಆದದ್ದು ಹೀಗೆ.

ಹಾಗಾದರೆ ಯಾರು ಹೇಗೆ ಬೇಕಾದರೂ ಬರೆಯಬಹುದೇ ಎಂದರೆ, ಇಲ್ಲ. ಬೆಕ್ಕು ಮುಚ್ಚಿದ ಬಾಯಿ ತೆರೆಯುತ್ತ ದನಿ ಹೊರಡಿಸಿ ಮತ್ತೆ ಮುಚ್ಚುತ್ತದೆ. ಮುಚ್ಚಿದ ತುಟಿಗೆ ಮಕಾರ, ತೆರೆದ ಬಾಯಿಗೆ ಆಕಾರ, ಮುಚ್ಚುವಾಗ ವಕಾರ. ಈ ಚೌಕಟ್ಟನ್ನು ಜಾಯ್ಸನೂ ಬಿಟ್ಟಿಲ್ಲ. ಅವನು ಸೇರಿಸಿದ್ದು ನಡುವಿನ ಗೊರಗೊರ ಮಾತ್ರ. ಓದುವಾಗ ನಾಲಿಗೆ ತೊಡರುತ್ತದೆ, ನಿಜ. ಆದರೆ ನಿಘಂಟಿನ ‘ಮಿಯಾವ್’ನಲ್ಲಿ ಹಸಿದ ಬೆಕ್ಕಿನ ಅಸಹನೆ ಕೇಳಿಸುವುದಿಲ್ಲ, ಇಲ್ಲಿ ಕೇಳಿಸುತ್ತದೆ. ಕೊನೆಗೆ ಹಾಲಿನತ್ತ ಓಡುವಾಗ ಅದು ಗುರುಗುಟ್ಟುವುದಕ್ಕೂ ಜಾಯ್ಸ್ ಬೇರೆಯದೇ ಕಾಗುಣಿತ ಕೊಟ್ಟಿದ್ದಾನೆ.