ಸಂಶ್ಲೇಷಿತ ಮೂಲತೈಲ

ಸಂಶ್ಲೇಷಿತ ಮೂಲತೈಲ ಎಂದರೆ ರಾಸಾಯನಿಕ ಕ್ರಿಯೆಗಳ ಮೂಲಕ ತಯಾರಿಸಲಾಗುವ, ಎಂಜಿನ್ ಆಯಿಲ್ ಮೊದಲಾದ ಕೀಲೆಣ್ಣೆಗಳಿಗೆ ಆಧಾರವಾಗಿರುವ ದ್ರವ. ಎಂಜಿನ್ ಆಯಿಲ್‌ನ ಹೆಚ್ಚಿನ ಪಾಲು ಮೂಲತೈಲವೇ ಆಗಿದ್ದು, ಉಳಿದ ಭಾಗದಲ್ಲಿ ಸವೆತ, ತುಕ್ಕು ಮತ್ತು ಮಡ್ಡಿಯನ್ನು ತಡೆಯುವ ಸಂಯೋಜಕಗಳಿರುತ್ತವೆ. 'ಸಂಶ್ಲೇಷಿತ' ಎಂಬ ಪದವು ತಯಾರಿಕೆಯ ವಿಧಾನವನ್ನು ಸೂಚಿಸುತ್ತದೆಯೇ ಹೊರತು ತೈಲವು ನಿರಪಾಯಕಾರಿ ಎಂಬುದನ್ನಲ್ಲ.

ವರ್ಗೀಕರಣ

ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಮೂಲತೈಲಗಳನ್ನು ಐದು ಗುಂಪುಗಳಾಗಿ ವಿಂಗಡಿಸಿದೆ. ಮೊದಲ ಎರಡು ಗುಂಪುಗಳು ಕಚ್ಚಾತೈಲವನ್ನು ಸಂಸ್ಕರಿಸಿ ಪಡೆದ ಖನಿಜ ತೈಲಗಳು. ಮೂರನೆಯದು ಹೈಡ್ರೋಜನ್‌ನಿಂದ ತೀವ್ರವಾಗಿ ಸಂಸ್ಕರಿಸಿದ, 120 ಅಥವಾ ಅದಕ್ಕಿಂತ ಹೆಚ್ಚಿನ ಸ್ನಿಗ್ಧತಾ ಸೂಚ್ಯಂಕವುಳ್ಳ ತೈಲ. ನಾಲ್ಕನೆಯದು ಪಾಲಿಆಲ್ಫಾಒಲೆಫಿನ್. ಎಸ್ಟರ್ ಮೊದಲಾದ ಉಳಿದವು ಐದನೆಯ ಗುಂಪಿಗೆ ಸೇರುತ್ತವೆ. 1999ರಲ್ಲಿ ಅಮೆರಿಕದ ಜಾಹೀರಾತು ಸ್ವಯಂನಿಯಂತ್ರಣ ಸಂಸ್ಥೆಯೊಂದು ಮೊಬಿಲ್ ಕಂಪನಿಯ ಆಕ್ಷೇಪವನ್ನು ಒಪ್ಪದೆ, ಮೂರನೆಯ ಗುಂಪಿನ ತೈಲವನ್ನು 'ಸಿಂಥೆಟಿಕ್' ಎಂದು ಕರೆಯಲು ಕ್ಯಾಸ್ಟ್ರಾಲ್‌ಗೆ ಅವಕಾಶ ನೀಡಿತು. ಹೀಗಾಗಿ ಡಬ್ಬಿಯ ಮೇಲಿನ ಆ ಪದದಿಂದಲೇ ತೈಲದ ಗುಂಪನ್ನು ತಿಳಿಯಲಾಗದು.

ತಯಾರಿಕೆ

ಪಾಲಿಆಲ್ಫಾಒಲೆಫಿನ್ ತಯಾರಿಕೆಗೆ ಸಾಮಾನ್ಯವಾಗಿ ಎಥಿಲೀನ್‌ನಿಂದ ಪಡೆದ, 10 ಇಂಗಾಲದ ಪರಮಾಣುಗಳುಳ್ಳ 1-ಡೆಸೀನ್ ಬಳಕೆಯಾಗುತ್ತದೆ. ಬೋರಾನ್ ಟ್ರೈಫ್ಲೋರೈಡ್‌ನಂತಹ ವೇಗವರ್ಧಕದ ಸಹಾಯದಿಂದ ಈ ಅಣುಗಳನ್ನು ಎರಡು, ಮೂರು ಅಥವಾ ನಾಲ್ಕರಂತೆ ಜೋಡಿಸಿ, ಬಳಿಕ ಹೈಡ್ರೋಜನ್ ಸೇರಿಸಿ ಸ್ಥಿರಗೊಳಿಸಲಾಗುತ್ತದೆ.

ಗುಣಗಳು ಮತ್ತು ಉಪಯೋಗ

ಪಾಲಿಆಲ್ಫಾಒಲೆಫಿನ್‌ನಲ್ಲಿ ಮೇಣದ ಅಂಶವಿಲ್ಲದ ಕಾರಣ ಅದು ತೀವ್ರ ಚಳಿಯಲ್ಲಿಯೂ ಹರಿಯುತ್ತದೆ. ಬಿಸಿಯಾದಾಗ ಅದು ಆವಿಯಾಗುವ ಪ್ರಮಾಣ ಕಡಿಮೆ. ಆದ್ದರಿಂದ ಟರ್ಬೊ ಎಂಜಿನ್‌ಗಳಿಗೆ ಸೂಕ್ತ. ಆದರೆ ಸಂಯೋಜಕಗಳು ಇದರಲ್ಲಿ ಸುಲಭವಾಗಿ ಕರಗುವುದಿಲ್ಲ. ರಬ್ಬರ್ ಸೀಲ್‌ಗಳು ಕುಗ್ಗಲೂಬಹುದು. ಈ ಕೊರತೆಗಳನ್ನು ನೀಗಿಸಲು ಎಸ್ಟರ್ ಬೆರೆಸುತ್ತಾರೆ. ಜೆಟ್ ಎಂಜಿನ್‌ಗಳಲ್ಲಿ ಎಸ್ಟರ್ ಆಧಾರಿತ ತೈಲಗಳೇ ಬಳಕೆಯಲ್ಲಿವೆ. ಕ್ಲಚ್ ಎಣ್ಣೆಯಲ್ಲಿ ಮುಳುಗಿರುವ ಮೋಟಾರ್‌ಸೈಕಲ್‌ಗಳಿಗೆ ಕಾರಿನ ತೈಲ ಹಾಕಿದರೆ ಕ್ಲಚ್ ಜಾರುವ ಸಂಭವವಿದೆ. ಅವುಗಳಿಗೆ 'ಜಾಸೊ ಎಂಎ' ಗುರುತಿನ ತೈಲವನ್ನು ಬಳಸಬೇಕು.

ಸುರಕ್ಷತೆ

ಶುದ್ಧ ಪಾಲಿಆಲ್ಫಾಒಲೆಫಿನ್‌ನ ವಿಷಕಾರಿತ್ವ ಬಹಳ ಕಡಿಮೆ. ಇದೇ ಬಗೆಯ ಶುದ್ಧೀಕರಿಸಿದ ಪದಾರ್ಥವೊಂದು ಯುರೋಪಿನಲ್ಲಿ ಇ 907 ಎಂಬ ಸಂಖ್ಯೆಯಡಿ ಮಿಠಾಯಿಗಳಿಗೆ ಹೊಳಪು ನೀಡಲು ಬಳಕೆಯಾಗಿದೆ. ಸಂಯೋಜಕಗಳನ್ನು ಬೆರೆಸಿದ ಎಂಜಿನ್ ಆಯಿಲ್‌ಗೆ ಈ ಮಾತು ಅನ್ವಯಿಸುವುದಿಲ್ಲ. ತೆಳುವಾದ ತೈಲವನ್ನು ನುಂಗಿದಾಗ ಅದು ಶ್ವಾಸಕೋಶವನ್ನು ಸೇರಿ ಅಪಾಯವಾಗಬಹುದು. ಅಂಥವರಿಗೆ ವಾಂತಿ ಮಾಡಿಸದೆ ಕೂಡಲೇ ವೈದ್ಯರ ನೆರವು ಪಡೆಯಬೇಕು.

ಬಳಸಿದ ತೈಲವು ಹೆಚ್ಚು ಅಪಾಯಕಾರಿ. ಇಂಧನದ ದಹನದಿಂದ ಉಂಟಾಗುವ, ಕ್ಯಾನ್ಸರ್‌ಕಾರಕಗಳನ್ನೊಳಗೊಂಡ ಆರೊಮ್ಯಾಟಿಕ್ ಸಂಯುಕ್ತಗಳು ಮತ್ತು ಸವೆದ ಲೋಹದ ಕಣಗಳು ಅದರಲ್ಲಿ ಸೇರಿಕೊಳ್ಳುತ್ತವೆ. ಮೂಲತೈಲ ಯಾವುದೇ ಆಗಿದ್ದರೂ ಇದು ತಪ್ಪದು. ಆದ್ದರಿಂದ ತೈಲ ಬದಲಿಸುವವರು ಕೈಗವಸು ಧರಿಸಿ, ಚರ್ಮಕ್ಕೆ ತಗುಲಿದ ತೈಲವನ್ನು ಸೋಪಿನಿಂದ ತೊಳೆಯಬೇಕು. ಭಾರತದಲ್ಲಿ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಬಳಸಿದ ತೈಲಕ್ಕೂ ಅನ್ವಯಿಸುತ್ತವೆ. ಅದನ್ನು ಚರಂಡಿಗಾಗಲಿ ಮಣ್ಣಿಗಾಗಲಿ ಸುರಿಯದೆ, ಅಧಿಕೃತ ಮರುಸಂಸ್ಕರಣೆಗೆ ಒಪ್ಪಿಸಬೇಕು.